ಹತ್ತು ನಿಮಿಷದ ಕಟ್ಟಳೆ

ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ ರೇಡಿಯೋದ ಮುಂದೆ ಕುಳಿತು, ಶಾರ್ಟ್‌ವೇವಿನ ಮುಳ್ಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಹೋದ ಅನುಭವ ನಿಮ್ಮಲ್ಲಿ ಅನೇಕರಿಗೆ ಉಂಟು. 41 ಮೀಟರಿನ ನಿಲಯಗಳನ್ನು ದಾಟಿ ಮುಳ್ಳು ಇನ್ನಷ್ಟು ಆಚೆಗೆ ಹೋಯಿತೆಂದರೆ ಅಲ್ಲಿ ಸಂಗೀತವಿಲ್ಲ, ವಾರ್ತೆಯಿಲ್ಲ. ಕೆರೆಯಲ್ಲಿ ಬಾತುಕೋಳಿಗಳು ಜಗಳವಾಡಿದಂತೆ ಒಂದು ವಿಚಿತ್ರ ಸದ್ದು. “ಇದೇನು, ಸೆಟ್ಟು ಕೆಟ್ಟಿತೆ?” ಎಂದು ನೀವು ಗಾಬರಿಯಿಂದ ಮುಳ್ಳನ್ನು ಹಿಂದಕ್ಕೆ ತಿರುಗಿಸಿರಬಹುದು. ಸೆಟ್ಟು ಕೆಟ್ಟಿರುವುದಿಲ್ಲ. ಅವು ಬಾತುಕೋಳಿಗಳೂ ಅಲ್ಲ. ನಮ್ಮ ನಿಮ್ಮಂಥ ಗೃಹಸ್ಥರೇ ತಮ್ಮ ತಮ್ಮ ಮನೆಗಳಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಒಬ್ಬರೊಡನೊಬ್ಬರು ಮಾತನಾಡುವ ಸದ್ದು ಅದು. ಅವರನ್ನು ಹವ್ಯಾಸಿ ರೇಡಿಯೋದವರು ಎಂದೂ ‘ಹ್ಯಾಮ್’ಗಳು ಎಂದೂ ಕರೆಯುವರು. ಅವರು ಧ್ವನಿಯ ತರಂಗದ ಒಂದು ಪಕ್ಕವನ್ನು ಮಾತ್ರ ಕಳುಹಿಸಿ, ಅದನ್ನು ಹೊರುವ ತರಂಗವನ್ನು ಉಳಿಸಿಬಿಡುತ್ತಾರೆ. ಆ ಕೊರತೆಯನ್ನು ತುಂಬಿಕೊಳ್ಳುವ ಅಂಗ ಮನೆಯ ಸಾಮಾನ್ಯ ಸೆಟ್ಟಿನಲ್ಲಿ ಇರುವುದಿಲ್ಲ. ಆದಕಾರಣವೇ ಮನುಷ್ಯರ ಮಾತು ನಮಗೆ ಪಕ್ಷಿಯ ಕೂಗಾಗಿ ಕೇಳುವುದು.

ಮೈಸೂರಿನವರಿಗೆ ಈ ಹುಚ್ಚಿನ ಪರಿಚಯ ಹೊಸದೇನಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಚಿಕ್ಕದೊಂದು ಟ್ರಾನ್ಸ್‌ಮಿಟರಿನಿಂದ ತೊಡಗಿದ ಪ್ರಸಾರವೇ ‘ಆಕಾಶವಾಣಿ’ ಎಂಬ ಹೆಸರಿಗೆ ಹುಟ್ಟೂರಾಯಿತು. ಅವರದು ಎಲ್ಲರೂ ಕೇಳಲೆಂದು ಮಾಡಿದ ಪ್ರಸಾರ. ಹ್ಯಾಮ್‌ಗಳದು ಒಬ್ಬರಿಂದ ಒಬ್ಬರಿಗೆ ಆಡುವ ಮಾತು. ಅಷ್ಟೇ ವ್ಯತ್ಯಾಸ. ಮನೆಯಿಂದ ಆಕಾಶಕ್ಕೆ ತಂತಿ ಕಟ್ಟುವ ಚಪಲ ಎರಡರಲ್ಲಿಯೂ ಒಂದೇ.

ಈಗ ನಾನು ಹೇಳಹೊರಟಿರುವುದು ಈ ಹವ್ಯಾಸಿಗಳ ಪಂದ್ಯಗಳ ವಿಚಾರ. ಅದರಲ್ಲಿಯೂ ಒಂದು ಪುಟ್ಟ ಕಟ್ಟಳೆಯ ವಿಚಾರ. ಪಂದ್ಯವೆಂದರೆ ಇಲ್ಲಿ ಓಟವಿಲ್ಲ, ಚೆಂಡಿಲ್ಲ. ಗೊತ್ತಾದ ಅವಧಿಯೊಳಗೆ ಆದಷ್ಟು ಹೆಚ್ಚು ಜನರನ್ನು, ಆದಷ್ಟು ಹೆಚ್ಚು ದೇಶಗಳಿಂದ, ಆಕಾಶದಲ್ಲಿ ಮಾತನಾಡಿಸಿ ಬರಬೇಕು. ಇಂಥ ಪಂದ್ಯಗಳಲ್ಲಿ ದೊಡ್ಡದು, ಅಮೆರಿಕದ ‘ಸಿಕ್ಯೂ’ ಎಂಬ ಪತ್ರಿಕೆ 1948ರಲ್ಲಿ ಆರಂಭಿಸಿದ ವಿಶ್ವ ಪಂದ್ಯ. ಮಾತಿನ ಪಂದ್ಯ ಅಕ್ಟೋಬರಿನ ಕೊನೆಯ ಪೂರ್ಣ ಶನಿವಾರ ಭಾನುವಾರಗಳಂದು. ಮೋರ್ಸ್ ಸಂಕೇತದ ಪಂದ್ಯ ನವೆಂಬರಿನ ಕೊನೆಯಲ್ಲಿ. ಒಂದೊಂದೂ 48 ಗಂಟೆ. ಲೆಕ್ಕವೆಲ್ಲ ಜಾಗತಿಕ ಕಾಲಮಾನದಲ್ಲಿ ಆದುದರಿಂದ ನಮ್ಮ ಗಡಿಯಾರದ ಪ್ರಕಾರ ಅದು ಶನಿವಾರ ಬೆಳಗಿನ 5-30ಕ್ಕೆ ಆರಂಭವಾಗಿ ಸೋಮವಾರ ಬೆಳಗಿನ 5-30ಕ್ಕೆ ಮುಗಿಯುತ್ತದೆ. ಈ 5-30 ಎಂಬ ಅಂಕಿಯನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಅದೇ ನಮ್ಮವರ ಕಾಲಿಗೆ ತೊಡರುವುದುಂಟು.

ಪಂದ್ಯಕ್ಕೆ ಆರು ಬ್ಯಾಂಡುಗಳು: 160, 80, 40, 20, 15 ಮತ್ತು 10 ಮೀಟರುಗಳು. ಒಂದೊಂದು ಬ್ಯಾಂಡಿಗೂ ಒಂದೊಂದು ಹೊತ್ತು. ಸೂರ್ಯನ ಬಿಸಿಲು ಮೇಲಿನ ವಾಯುಮಂಡಲವನ್ನು ಹೇಗೆ ಕೆರಳಿಸಿದೆಯೋ ಅದರಂತೆ ತರಂಗಗಳು ಅಲ್ಲಿಂದ ಬಾಗಿ ಭೂಮಿಗೆ ಮರಳುತ್ತವೆ. ಹಗಲು 10, 15 ಮೀಟರುಗಳ ಕಾಲ. ಸೂರ್ಯ ಮುಳುಗಿದ ಮೇಲೆ 40, 80ರ ಕಾಲ. ಒಂದು ಬ್ಯಾಂಡು ಬಾಗಿಲು ತೆರೆಯುವಾಗ ಮತ್ತೊಂದು ಮುಚ್ಚುತ್ತಿರುತ್ತದೆ. ಹಾಗಾಗಿ ಬ್ಯಾಂಡಿನಿಂದ ಬ್ಯಾಂಡಿಗೆ ಹಾರುವುದು ಈ ಆಟದ ಜೀವಾಳ. (1979ರ ಜಾಗತಿಕ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ಇನ್ನೂ ಮೂರು ಬ್ಯಾಂಡುಗಳು ದೊರೆತವು. ಅವುಗಳಲ್ಲಿ ಪಂದ್ಯವಾಡಬಾರದೆಂದು ಹಿರಿಯರು ಒಪ್ಪಿಕೊಂಡಿದ್ದಾರೆ. ಪಂದ್ಯದ ಗದ್ದಲ ಬೇಡವೆನ್ನುವವರು ಅಲ್ಲಿ ನೆಮ್ಮದಿಯಾಗಿ ಹರಟೆ ಹೊಡೆಯಬಹುದು.)

ಅಂಕಗಳ ಲೆಕ್ಕ ಹೀಗೆ. ಬೇರೆ ಖಂಡದವನೊಡನೆ ಮಾತಾದರೆ ಮೂರು ಅಂಕ. ನಮ್ಮದೇ ಖಂಡದ ಬೇರೆ ದೇಶದವನಾದರೆ ಒಂದು. ಇದರ ಮೇಲೆ ‘ಗುಣಕ’ ಎಂಬುದುಂಟು. ಪ್ರಪಂಚವನ್ನು 40 ವಲಯಗಳಾಗಿ ಹಂಚಿದ್ದಾರೆ, ಭಾರತ 22ನೆಯದು. ಒಂದೊಂದು ಬ್ಯಾಂಡಿನಲ್ಲಿ ಹೊಸದಾಗಿ ದೊರೆತ ಪ್ರತಿಯೊಂದು ವಲಯವೂ ಒಂದು ಗುಣಕ, ಪ್ರತಿಯೊಂದು ದೇಶವೂ ಒಂದು ಗುಣಕ. ಕೊನೆಗೆ ಅಂಕಗಳ ಮೊತ್ತವನ್ನು ಗುಣಕಗಳ ಮೊತ್ತದಿಂದ ಗುಣಿಸಬೇಕು. ಒಂದು ಉದಾಹರಣೆ ನೋಡಿ. ಒಬ್ಬನ ಬಳಿ 3,000 ಅಂಕ, 200 ಗುಣಕ ಇವೆಯೆನ್ನೋಣ: ಮೊತ್ತ 6,00,000. ಅವನಿಗೆ ಇನ್ನೊಬ್ಬ ಜರ್ಮನ್ ಹವ್ಯಾಸಿ ಸಿಕ್ಕಿದರೆ ಮೂರು ಅಂಕ ಸೇರಿ 6,00,600 ಆಗುತ್ತದೆ. ಅದರ ಬದಲು ಏಷ್ಯಾದಲ್ಲೇ ಇರುವ, ಆದರೆ ವಲಯವೂ ದೇಶವೂ ಎರಡೂ ಹೊಸದಾದ ಒಂದು ನಿಲಯ ಸಿಕ್ಕಿದರೆ? ಅಂಕ ಸೇರುವುದು ಒಂದೇ. ಆದರೆ 3,001ನ್ನು 202ರಿಂದ ಗುಣಿಸಿದಾಗ 6,06,202. ಹತ್ತು ಜರ್ಮನರ ತೂಕವನ್ನು ಅವನೊಬ್ಬನೇ ತೂಗಿದ! ಗುಣಕಕ್ಕಾಗಿ ಇವರು ಊಟ ನಿದ್ರೆ ಬಿಟ್ಟು ಬ್ಯಾಂಡಿನಿಂದ ಬ್ಯಾಂಡಿಗೆ ಓಡುವುದೇಕೆಂದು ಈಗ ತಿಳಿಯಿತಲ್ಲವೆ?

ಒಬ್ಬಂಟಿಗ ಆಡುವಾಗ ಈ ಓಟಕ್ಕೆ ಅಂಕುಶ ಬೇಕಿಲ್ಲ. ಅವನಿಗಿರುವುದು ಒಂದು ಬಾಯಿ, ಎರಡು ಕೈ. ಪ್ರಕೃತಿಯೇ ಅಂಕುಶ ಹಾಕಿದೆ. ಕಷ್ಟ ಬರುವುದು ತಂಡ ಕಟ್ಟಿ ಆಡುವವರಲ್ಲಿ. ತಂಡಗಳಲ್ಲಿ ಒಂದು ವರ್ಗವುಂಟು: ಆಪರೇಟರುಗಳು ಅನೇಕರು, ಆದರೆ ಟ್ರಾನ್ಸ್‌ಮಿಟರ್ ಒಂದು. ಊರಿನ ನಾಲ್ಕು ಜನ ಗೆಳೆಯರು ಇರುವ ಒಂದೇ ಸೆಟ್ಟನ್ನು ಸರದಿಯಲ್ಲಿ ಹಿಡಿದು ಆಡಲೆಂದು ಮಾಡಿದ ವರ್ಗ ಅದು. ಬುದ್ಧಿವಂತರು ಇದರಲ್ಲಿ ಒಂದು ಸಂದು ಕಂಡುಹಿಡಿಯಬಲ್ಲರು. ಐದು ಮೇಜಿನ ಮೇಲೆ ಐದು ಟ್ರಾನ್ಸ್‌ಮಿಟರುಗಳನ್ನಿಟ್ಟು, ಐದು ಬ್ಯಾಂಡುಗಳಿಗೆ ಐದು ಏರಿಯಲ್ ಕಟ್ಟಿ, ನಡುವೆ ಒಂದು ಸ್ವಿಚ್ಚು ಹಾಕುವುದು. ಒಂದು ಮಾತನಾಡುವಾಗ ಉಳಿದವುಗಳ ಬಾಯಿ ತಾನಾಗಿ ಮುಚ್ಚುತ್ತದೆ. “ಯಾವ ಕ್ಷಣ ನೋಡಿದರೂ ಆಕಾಶದಲ್ಲಿ ನಮ್ಮದು ಒಂದೇ ಧ್ವನಿ” ಎಂದು ಅವರು ಪ್ರಮಾಣ ಮಾಡಬಹುದು. ಮಾತು ನಿಜ, ಆಟ ಸುಳ್ಳು. ಒಂದು ಸೆಟ್ಟಿನ ಬಡ ತಂಡ ಅಂಥವರೊಡನೆ ಹೇಗೆ ಸೆಣಸೀತು? ಅದಕ್ಕಾಗಿಯೇ ಹುಟ್ಟಿದವು ಬ್ಯಾಂಡು ಬದಲಾಯಿಸುವ ಕಟ್ಟಳೆಗಳು.

ಇವು ಎರಡು ಬಗೆ. ನಮ್ಮ ಮನೆಗಳ ಲೆಕ್ಕದಿಂದಲೇ ಅವನ್ನು ವಿವರಿಸಬಹುದು. ರಾಹುಕಾಲವುಂಟಲ್ಲ, ಅದು ನಿಮಗಾಗಿ ಕಾಯುವುದಿಲ್ಲ. ನೀವು ಮನೆಯಲ್ಲಿದ್ದರೂ ಸಂತೆಯಲ್ಲಿದ್ದರೂ ಗೊತ್ತಾದ ಹೊತ್ತಿಗೆ ಬರುತ್ತದೆ, ಗೊತ್ತಾದ ಹೊತ್ತಿಗೆ ಹೋಗುತ್ತದೆ. ಸೂತಕ ಹಾಗಲ್ಲ. ಅದು ಸಂಗತಿ ನಡೆದ ದಿನದಿಂದ ಎಣಿಸತಕ್ಕದ್ದು. ಪಂದ್ಯದ ಕಟ್ಟಳೆಗಳಲ್ಲಿ ಒಂದು ರಾಹುಕಾಲದ ಜಾತಿ, ಇನ್ನೊಂದು ಸೂತಕದ ಜಾತಿ. ಈ ಭೇದ ತಿಳಿಯದೆ ಕೆಟ್ಟ ತಂಡಗಳು ಬಹಳ.

ರಾಹುಕಾಲದ ಜಾತಿಯದನ್ನು ಮೊದಲು ನೋಡೋಣ. 1914ರಲ್ಲಿ ಹಿರಮ್ ಪರ್ಸಿ ಮ್ಯಾಕ್ಸಿಮ್ ಎಂಬವರು ಮೊದಲಾದವರು ಕಟ್ಟಿದ ಅಮೆರಿಕನ್ ರೇಡಿಯೋ ರಿಲೇ ಲೀಗಿನ ಅಂತರರಾಷ್ಟ್ರೀಯ ಪಂದ್ಯದಲ್ಲಿ ಒಂದೇ ಟ್ರಾನ್ಸ್‌ಮಿಟರಿನ ತಂಡಕ್ಕೆ ಗಡಿಯಾರದ ಒಂದು ಗಂಟೆಯಲ್ಲಿ ಆರು ಬದಲಾವಣೆ ಎಂದು ಮಿತಿ ಹಾಕಿದ್ದಾರೆ. ಗಡಿಯಾರದ ಗಂಟೆಯೆಂದರೆ ಸೊನ್ನೆ ನಿಮಿಷದಿಂದ 59ನೆಯ ನಿಮಿಷದವರೆಗೆ. ಬದಲಾವಣೆ ಎಂದರೆ ಏನು ಎಂಬುದಕ್ಕೂ ಅವರೇ ಅರ್ಥ ಹೇಳಿದ್ದಾರೆ: 20 ಮೀಟರಿನಿಂದ 15ಕ್ಕೆ ಹೋಗಿ ಮತ್ತೆ 20ಕ್ಕೆ ಬಂದರೆ ಅದು ಎರಡು. ಪೇಟೆಗೆ ಹೋಗಿ ಬರುವಾಗ ಬಸ್ಸಿನವನು ಎರಡು ಟಿಕೇಟಿನ ಹಣ ತೆಗೆದುಕೊಳ್ಳುತ್ತಾನಲ್ಲ, ಹಾಗೆ. ಹೋದದ್ದನ್ನು ಎಣಿಸಿ ಬಂದದ್ದನ್ನು ಮರೆತು ತಮ್ಮ ಖಾತೆಯಲ್ಲಿ ಇನ್ನೂ ಮೂರು ಉಳಿದಿವೆ ಎಂದು ಭ್ರಮಿಸಿದವರನ್ನು ನಾನು ಬಲ್ಲೆ. ಒಂದು ಬ್ಯಾಂಡಿನೊಳಗೇ ಕಂಪನಾಂಕವನ್ನು ಎತ್ತಲಾದರೂ ಸರಿಸಿಕೊಳ್ಳಿ, 14,200ರಿಂದ 14,280 ಕಿಲೋಹರ್ಟ್ಸಿಗೆ ಓಡಿ, ಅದು ಬದಲಾವಣೆಯಲ್ಲ. ಅದು ಒಂದೇ ಮನೆಯ ನಡುಮನೆಯಿಂದ ಪಡಸಾಲೆಗೆ ಹೋದಂತೆ.

ಈ ಗಡಿಯಾರದ ಗಂಟೆಯಲ್ಲಿ ಒಂದು ತಮಾಷೆಯುಂಟು. ಗಂಟೆ ಮುಗಿಯುವ ಕೊನೆಯ ನಿಮಿಷದಲ್ಲಿ ಆರು ಬದಲಾವಣೆ, ಹೊಸ ಗಂಟೆಯ ಮೊದಲ ನಿಮಿಷದಲ್ಲಿ ಇನ್ನಾರು, ಎರಡೇ ನಿಮಿಷದಲ್ಲಿ ಹನ್ನೆರಡು ಮಾಡಿದರೆ ತಪ್ಪೆ? ತಪ್ಪಲ್ಲ. ಇದು ಕಟ್ಟಳೆಯ ಉದ್ದೇಶಕ್ಕೆ ವಿರೋಧವೆಂದು ವಾದಿಸುವವರು ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಎಣಿಸುವುದು ಸುಲಭವಾಗಲೆಂದೇ ಗಡಿಯಾರವನ್ನು ಆರಿಸಿಕೊಂಡ ಮೇಲೆ ಗಡಿಯಾರದ ಲಾಭ ನಷ್ಟಗಳೆರಡನ್ನೂ ಒಪ್ಪಬೇಕು. ಆರನೆಯ ಬದಲಾವಣೆ ಗಂಟೆಯ ಹತ್ತನೆಯ ನಿಮಿಷದಲ್ಲೇ ಮುಗಿದುಹೋದರೆ ಉಳಿದ 50 ನಿಮಿಷ ಒಂದೇ ಬ್ಯಾಂಡಿನಲ್ಲಿ ಬಿದ್ದಿರಬೇಕಾದ ಶಿಕ್ಷೆಯೂ ಅದರಲ್ಲೇ ಇದೆಯಲ್ಲ.

ಇನ್ನು ನೆನಪಿಡಿ ಎಂದ ಅರ್ಧ ಗಂಟೆಯ ಸಂಗತಿ. ನಮ್ಮ ಕಾಲಮಾನ ಜಾಗತಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದೆ. ಆದುದರಿಂದ ಪಂದ್ಯದ ಗಂಟೆ ನಮ್ಮ ಗೋಡೆಯ ಗಡಿಯಾರದಲ್ಲಿ ಏಳು ಹೊಡೆದಾಗ ಹುಟ್ಟುವುದಿಲ್ಲ; ಆರೂವರೆಗೆ ಹುಟ್ಟಿ ಏಳೂವರೆಗೆ ಸಾಯುತ್ತದೆ. ಒಮ್ಮೆ ನಮ್ಮ ಮಿತ್ರರ ತಂಡವೊಂದು ಬೆಳಗಿನ ಆರೂವರೆಯಿಂದ ಏಳರೊಳಗೆ ಆರು ಸಲ ಬ್ಯಾಂಡು ಬದಲಾಯಿಸಿತು. ಏಳು ಹೊಡೆಯಿತು. “ಹೊಸ ಗಂಟೆ, ಹೊಸ ಲೆಕ್ಕ” ಎಂದು ಕಾಫಿ ಕುಡಿದು ಇನ್ನೂ ಮೂರು ಸಲ ಬದಲಾಯಿಸಿತು. ಜಾಗತಿಕ ಕಾಲದಲ್ಲಿ ಆಗ ಒಂದೂವರೆ, ಗಂಟೆಯ ನಟ್ಟನಡು. ಒಂದೇ ಗಂಟೆಯಲ್ಲಿ ಒಂಬತ್ತು! ಲಂಡನ್ನಿನವನಿಗಾಗಲಿ ಟೋಕಿಯೋದವನಿಗಾಗಲಿ ಈ ಮೋಸ ಬರುವುದಿಲ್ಲ. ಅವರ ಗಂಟೆಗಳು ಜಾಗತಿಕ ಗಂಟೆಯೊಡನೆ ಹೆಜ್ಜೆ ಹಾಕುತ್ತವೆ. ನೇಪಾಳದ ಹವ್ಯಾಸಿಯ ಪಾಡು ನಮಗಿಂತ ಕಷ್ಟ. ಅವನದು ಐದೂಮುಕ್ಕಾಲು.

ಸೂತಕದ ಜಾತಿಯ ಕಟ್ಟಳೆ ಇದಕ್ಕಿಂತ ಸೂಕ್ಷ್ಮ. ‘ಸಿಕ್ಯೂ’ ವಿಶ್ವ ಪಂದ್ಯದಲ್ಲಿ ಒಂದು ಟ್ರಾನ್ಸ್‌ಮಿಟರಿನ ತಂಡಕ್ಕೆ ಬಹುಕಾಲ ವಿಧಿಸಿದ್ದ ಕಟ್ಟಳೆಯ ತಾತ್ಪರ್ಯ ಹೀಗೆ: ಒಂದು ಬ್ಯಾಂಡಿಗೆ ಬಂದಮೇಲೆ ಹತ್ತು ನಿಮಿಷ ಅಲ್ಲೇ ಇರಬೇಕು, ಸುಮ್ಮನೆ ಕೇಳುತ್ತ ಕುಳಿತ ಕಾಲವೂ ಕೆಲಸದ ಕಾಲವೇ. ಇದಕ್ಕೆ ಒಂದೇ ಒಂದು ವಿನಾಯಿತಿ. ಆ ಹತ್ತು ನಿಮಿಷದೊಳಗೆ ಇನ್ನೊಂದು ಬ್ಯಾಂಡನ್ನು, ಒಂದನ್ನು ಮಾತ್ರ, ಬಳಸಬಹುದು; ಆದರೆ ಅಲ್ಲಿ ಮಾತನಾಡಿಸಿದ ನಿಲಯ ಹೊಸ ಗುಣಕವಾಗಿರಬೇಕು. ಮೀರಿದರೆ, ತಂಡವನ್ನು ಎಷ್ಟು ಬೇಕಾದರೂ ಟ್ರಾನ್ಸ್‌ಮಿಟರುಗಳಿರುವ ಭೀಮಸೇನರ ವರ್ಗಕ್ಕೆ ತಳ್ಳಿಬಿಡುವುದು. ನಿಯಮಾವಳಿಯ ಅಕ್ಷರಗಳನ್ನು ಆಗಾಗ ತಿದ್ದುತ್ತಿರುತ್ತಾರೆ, ಬೇರೆ ಬೇರೆ ಪಂದ್ಯಗಳಲ್ಲಿ ಅಂಕಿಗಳೂ ಬೇರೆ. ಆಡುವವರು ಆಯಾ ವರ್ಷದ ಪಾಠವನ್ನೇ ಓದಬೇಕು. ಕಳೆದ ಸಲ ಹೀಗಿತ್ತು ಎಂಬ ಮಾತು ಅಲ್ಲಿ ನಡೆಯದು.

ಕೇಳುವುದಕ್ಕೆ ಸರಳ. ಅರ್ಥ ಮಾಡಹೋದರೆ ಒಂದರ ಹೊಟ್ಟೆಯಲ್ಲೊಂದು ಪ್ರಶ್ನೆ. ಹತ್ತು ನಿಮಿಷ ಎಲ್ಲಿಂದ ಆರಂಭ? ಮುಳ್ಳು ತಿರುಗಿಸಿದಾಗಲೋ, ಮೊದಲ ಸಂಪರ್ಕ ದಾಖಲಾದಾಗಲೋ? ತೀರ್ಪುಗಾರರ ಕಣ್ಣಿಗೆ ಬೀಳುವುದು ದಾಖಲೆಯೊಂದೇ ಆದುದರಿಂದ ವಾಡಿಕೆಯಲ್ಲಿ ಮೊದಲ ಸಂಪರ್ಕದಿಂದಲೇ ಎಣಿಕೆ. ಸೂತಕದಂತೆಯೇ ಆ ಮೊದಲ ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ: 32ನೆಯ ನಿಮಿಷದಲ್ಲಿ ಆರಂಭವಾದರೆ 41ನೆಯ ನಿಮಿಷ ಹತ್ತನೆಯದು, 42ಕ್ಕೆ ಬಿಡುಗಡೆ. ಆದರೆ ದಾಖಲೆಯಲ್ಲಿ ಬರೆಯುವುದು ಗಂಟೆ ನಿಮಿಷ ಮಾತ್ರ, ಸೆಕೆಂಡು ಇಲ್ಲ. 32 ನಿಮಿಷ 59 ಸೆಕೆಂಡಿಗೆ ಬಂದವನೂ 42 ನಿಮಿಷಕ್ಕೆ ಸರಿಯಾಗಿ ಹೊರಡಬಹುದು. ನಿಜವಾಗಿ ಅವನು ಇದ್ದದ್ದು ಒಂಬತ್ತು ನಿಮಿಷ ಒಂದು ಸೆಕೆಂಡು. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಇನ್ನೊಂದು ಬ್ಯಾಂಡಿಗೆ ಹೋಗಿ ಕೂಗಿ ಕೂಗಿ, ಉತ್ತರ ಬಾರದೆ ಹಿಂದಿರುಗಿದರೆ? ದಾಖಲೆಯಲ್ಲಿ ಏನೂ ಇಲ್ಲ. ಕಟ್ಟಳೆಯ ಮಾತಿನಲ್ಲಿ ಮಾತ್ರ ಆ ಬ್ಯಾಂಡನ್ನು ಬಳಸಿದ ಹಾಗಾಯಿತು. ವಿನಾಯಿತಿಯ ಬ್ಯಾಂಡಿನಲ್ಲಿ ನಿಂತು “ಯಾರಾದರೂ ಬನ್ನಿ” ಎಂದು ಕರೆಯುವುದು ಸರಿಯೆ? ಬಂದವನು ಹೊಸ ಗುಣಕವೇ ಆಗಿರುತ್ತಾನೆಂದು ಯಾರು ಹೇಳಬಲ್ಲರು? ಹಳೆಯವನಾದರೆ ಕರೆದು ಬಾಗಿಲು ಹಾಕಬೇಕು. ಆದುದರಿಂದ ಅಲ್ಲಿ ಹುಡುಕಿಕೊಂಡು ಹೋಗುವುದೇ ಸರಿಯಾದ ದಾರಿ.

ಇವೆಲ್ಲ ಪುಸ್ತಕದ ಪ್ರಶ್ನೆಗಳು. ನಮ್ಮ ತಲೆಯ ಮೇಲೆ ಬಂದಾಗ ಹೇಗಿತ್ತು ಎಂಬುದನ್ನೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಈ ಕಟ್ಟಳೆ ಮೇಲೆ ಹೇಳಿದ ರೂಪದಲ್ಲಿಯೇ ಇದ್ದ ಕಾಲ, ನಾವು ನಾಲ್ವರು ಊರಾಚೆಯ ಒಂದು ತೋಟದ ಮನೆಯಲ್ಲಿ ಅಕ್ಟೋಬರಿನ ಪಂದ್ಯಕ್ಕೆ ಕುಳಿತೆವು. ನಿವೃತ್ತರಾದ ಮೇಷ್ಟ್ರೊಬ್ಬರು, ಜವಳಿ ಅಂಗಡಿಯ ಗೆಳೆಯ, ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ, ನಾಲ್ಕನೆಯವನು ನಾನು. ತೆಂಗಿನ ಮರಗಳ ನಡುವೆ ಏರಿಯಲ್. ಊಟ ತಿಂಡಿಗೆ ತೋಟದ ಕೆಲಸದವರ ಮನೆಯ ರಾಗಿರೊಟ್ಟಿ. ಭಾನುವಾರ ಮಧ್ಯಾಹ್ನ ನಾನು 15 ಮೀಟರಿನಲ್ಲಿ ಯೂರೋಪಿನವರಿಗೆ ಉತ್ತರ ಹೇಳುತ್ತಿದ್ದೆ. ಅವರಿಗೆ 22ನೆಯ ವಲಯ ಬೇಕು, ನಮಗೆ ಅವರ ಮೂರು ಮೂರು ಅಂಕ ಬೇಕು. ದೀಪಾವಳಿ ಮುಂಚಿನ ಜವಳಿ ಅಂಗಡಿಯಂತೆ ನೂಕುನುಗ್ಗಲು. ಪಕ್ಕದ ಮೇಜಿನಲ್ಲಿ ಹುಡುಗ ಗುಣಕಗಳನ್ನು ಹುಡುಕುತ್ತಿದ್ದ. ಮೇಷ್ಟ್ರು ಒಂದು ಹಾಳೆಯ ಮೇಲೆ ಬ್ಯಾಂಡಿನ ನಿಮಿಷಗಳನ್ನು ಗುರುತಿಸುತ್ತ ಕುಳಿತಿದ್ದರು. ಕಟ್ಟಳೆ ಕಾಯುವುದು ಅವರ ಪಾಲಿನ ಕೆಲಸ.

ಜಾಗತಿಕ ಕಾಲ 9 ಗಂಟೆ 32 ನಿಮಿಷಕ್ಕೆ ಹುಡುಗ 10 ಮೀಟರಿನಲ್ಲಿ ಕೀನ್ಯಾವನ್ನು ಹಿಡಿದ. ಹೊಸ ವಲಯ, ಹೊಸ ದೇಶ. ಎಲ್ಲರಿಗೂ ಸಂತೋಷ. ಇನ್ನು ಹತ್ತು ನಿಮಿಷ 15 ಮತ್ತು 10, ಈ ಎರಡೇ ನಮ್ಮವು, ಮೂರನೆಯದನ್ನು ಮುಟ್ಟಬಾರದು. ಏಳು ನಿಮಿಷ ಕಳೆದಿರಬೇಕು, ಹುಡುಗ ಕುರ್ಚಿಯಿಂದೆದ್ದ.

“ಸಾರ್, ಮಂಗೋಲಿಯಾ! ಇಪ್ಪತ್ತು ಮೀಟರಲ್ಲಿ! ಸಿಗ್ನಲ್ ಇಳೀತಾ ಇದೆ ಸಾರ್.”

ಮೇಷ್ಟ್ರು ಹಾಳೆಯಿಂದ ತಲೆಯೆತ್ತದೆ, “ಇನ್ನೂ ಮೂರು ನಿಮಿಷ ತಡಿಯಪ್ಪ” ಎಂದರು.

ಹುಡುಗ ತಡೆದ. ಕಣ್ಣು ಗೋಡೆಯ ಗಡಿಯಾರದ ಮೇಲೆ, ಕಿವಿ ಮಂಗೋಲಿಯಾದ ಮೇಲೆ. ಗಡಿಯಾರದಲ್ಲಿ ಮೂರು ಗಂಟೆ ಹನ್ನೆರಡು ನಿಮಿಷವಾದೊಡನೆ ಕೂಗಿದ. ಮೊದಲ ಕೂಗಿಗೇ ಉತ್ತರ ಬಂತು. 20 ಮೀಟರಿನಲ್ಲಿ 23ನೆಯ ವಲಯ, ಮಂಗೋಲಿಯಾ ದೇಶ. ಒಂದೇ ಏಟಿಗೆ ಎರಡು ಗುಣಕ. ಜವಳಿ ಅಂಗಡಿಯ ಗೆಳೆಯ ಹುಡುಗನ ಬೆನ್ನು ತಟ್ಟಿದ. ಕಾಫಿಯಾಯಿತು.

ತೋಟದ ಮನೆಯ ಗಡಿಯಾರ, ನಮ್ಮ ಅನೇಕ ಮನೆಗಳಲ್ಲಿರುವಂತೆ, ಬಸ್ಸು ತಪ್ಪಬಾರದೆಂದು ಸ್ವಲ್ಪ ಮುಂದೆ ಇಟ್ಟದ್ದು. ಅದು ಯಾರಿಗೂ ಹೊಳೆಯಲಿಲ್ಲ. ಸೋಮವಾರ ಬೆಳಿಗ್ಗೆ ಪಂದ್ಯ ಮುಗಿದು ಮೇಷ್ಟ್ರು ಕಂಪ್ಯೂಟರಿನ ದಾಖಲೆಯನ್ನು ತಮ್ಮ ಹಾಳೆಯೊಡನೆ ತಾಳೆ ನೋಡಿದಾಗ, ಮಂಗೋಲಿಯಾದ ಎದುರಿಗೆ 9 ಗಂಟೆ 41 ನಿಮಿಷ ಎಂದಿತ್ತು. ಹತ್ತನೆಯ ನಿಮಿಷ. ಮೂರನೆಯ ಬ್ಯಾಂಡು.

ನಾಲ್ವರೂ ಮುಖ ಮುಖ ನೋಡಿಕೊಂಡೆವು. ಎರಡು ರಾತ್ರಿಯ ನಿದ್ರೆಗೆಟ್ಟ ಮುಖಗಳು. ಹುಡುಗನೇ ಮೊದಲು ಮಾತನಾಡಿದ. “ಒಂದು ನಿಮಿಷ ತಾನೆ ಸಾರ್, 42 ಅಂತ ಮಾಡಿಬಿಡೋಣ. ಅವರ ಲಾಗಿನಲ್ಲಿ 42 ಅಂತಲೇ ಇದ್ದರೂ ಇರಬಹುದು.” ಅವನ ಮಾತು ಶುದ್ಧ ಕುತರ್ಕವಾಗಿರಲಿಲ್ಲ. ತೀರ್ಪುಗಾರರು ಇಬ್ಬರ ದಾಖಲೆಗಳನ್ನೂ ತಾಳೆ ನೋಡುವರು ನಿಜ. ಆದರೆ ಇಬ್ಬರ ಗಡಿಯಾರಗಳಲ್ಲಿ ಒಂದೆರಡು ನಿಮಿಷದ ಅಂತರವಿದ್ದರೆ ಸಂಪರ್ಕವನ್ನು ತಳ್ಳಿಹಾಕುವುದಿಲ್ಲ. ನಮ್ಮ ಕಂಪ್ಯೂಟರಿಗೆ ತೋಟದಲ್ಲಿ ಇಂಟರ್‌ನೆಟ್ ಇರಲಿಲ್ಲ. ಶುಕ್ರವಾರ ಊರಿನಲ್ಲಿ ಕಾಲ ಸರಿಮಾಡಿ ತಂದದ್ದಷ್ಟೆ. ಹಿಂದೆಲ್ಲ ವಾರ್ತೆಗೆ ಮೊದಲು ರೇಡಿಯೋದಲ್ಲಿ ಬರುತ್ತಿದ್ದ ಪಿಪ್ ಪಿಪ್ ಸದ್ದಿಗೆ ಕೈಗಡಿಯಾರ ಹೊಂದಿಸಿಕೊಂಡವರು ನಾವು. ಚೀನದ ಕಾಲಸೂಚಕ ನಿಲಯ 10 ಮೆಗಾಹರ್ಟ್ಸಿನಲ್ಲಿ ಸಿಗುತ್ತದೆಂದೂ ಬಲ್ಲೆವು, ಮಾಡಬೇಕಾದಾಗ ಮಾಡಲಿಲ್ಲ. 41 ಎಂಬುದೇ ಸತ್ಯವೆಂದು ನಾವು ಯಾವ ಮುಖದಿಂದ ಹೇಳುವುದು?

ನಿಮ್ಮೆದುರು ಮುಚ್ಚಿಡುವುದೇಕೆ, ನನ್ನ ಮನಸ್ಸು ಹುಡುಗನ ಕಡೆಗೇ ವಾಲಿತ್ತು. ಆರು ಸಾವಿರ ಚಿಲ್ಲರೆ ಅಂಕ. ಅದಕ್ಕಿಂತ ಹೆಚ್ಚಾಗಿ, ಈ ಒಂದು ನಿಮಿಷಕ್ಕಾಗಿ ಇಡೀ ತಂಡವನ್ನು ದೊಡ್ಡವರ ವರ್ಗಕ್ಕೆ ತಳ್ಳಿಬಿಟ್ಟರೆ ಎರಡು ದಿನದ ಶ್ರಮ ನೀರಿನಲ್ಲಿ ಹೋಮ.

ದಾಖಲೆಯ ಕಾಲವನ್ನು ಕಟ್ಟಳೆಗೆ ಹೊಂದುವಂತೆ ಎಳೆಯುವ ಈ ಕೆಲಸಕ್ಕೆ ಹವ್ಯಾಸಿಗಳು ‘ರಬ್ಬರು ಗಡಿಯಾರ’ ಎಂದು ಹೆಸರಿಟ್ಟಿದ್ದಾರೆ. ಹೆಸರಿದೆಯೆಂದ ಮೇಲೆ ಮಾಡಿದವರು ಇದ್ದರು ಎಂದಾಯಿತಲ್ಲವೆ? ಪಂದ್ಯದ ನಿಯಮಾವಳಿಯಲ್ಲಿಯೇ ಅದನ್ನು ಆಟಗಾರರಿಗೆ ತಕ್ಕುದಲ್ಲದ ನಡತೆಗಳ ಪಟ್ಟಿಯಲ್ಲಿ ಹೆಸರಿಸಿದ್ದಾರೆ. ಈಚೆಗೆ ತೀರ್ಪುಗಾರರು ಬ್ಯಾಂಡುಗಳನ್ನೇ ಧ್ವನಿಮುದ್ರಿಸಿಟ್ಟುಕೊಳ್ಳುವುದೂ ಉಂಟು. ಆದರೆ ತೋಟದ ಮನೆಯಲ್ಲಿ ಆ ಬೆಳಿಗ್ಗೆ ನಮ್ಮನ್ನು ಕಾಡಿದ್ದು ಸಿಕ್ಕಿಬೀಳುವ ಭಯವಲ್ಲ. ಒಂದು ನಿಮಿಷಕ್ಕೆ ಯಾರೂ ನಮ್ಮ ಬೆನ್ನು ಹತ್ತುತ್ತಿರಲಿಲ್ಲ.

ಮೇಷ್ಟ್ರು ಹೇಳಿದ್ದು ಇಷ್ಟೆ: “ಗೋಡೆ ಗಡಿಯಾರ ಮುಂದೆ ಇತ್ತು, ಅದಕ್ಕೆ ತಪ್ಪಾಯಿತು ಅನ್ನೋದು ಒಂದು. ತಪ್ಪಾಗಲಿಲ್ಲ ಅಂತ ಬರೆಯೋದು ಇನ್ನೊಂದು. ಎರಡನೇದಕ್ಕೆ ನನ್ನ ಸಹಿ ಬೇಡ.”

“ಹಾಗಾದರೆ ಮಂಗೋಲಿಯಾನ ಅಳಿಸೇ ಬಿಡೋಣ” ಎಂದ ಜವಳಿ ಅಂಗಡಿಯ ಗೆಳೆಯ. ಇದು ನ್ಯಾಯವಾಗಿ ಕಾಣುತ್ತದೆ, ಅಲ್ಲವೆ? ಇಲ್ಲಿಯೂ ಒಂದು ಮುಳ್ಳುಂಟು. ಆ ಮಂಗೋಲಿಯಾದವನು ನಮ್ಮನ್ನು ತನ್ನ ದಾಖಲೆಯಲ್ಲಿ ಬರೆದುಕೊಂಡಿರುತ್ತಾನೆ. ನಮ್ಮಲ್ಲಿ ಅವನ ಹೆಸರಿಲ್ಲದಿದ್ದರೆ ತೀರ್ಪುಗಾರರು ಅವನೇ ತಪ್ಪು ಕೇಳಿದನೆಂದು ಎಣಿಸುವರು. ಅವನ ಸಂಪರ್ಕ ಹೋಗುವುದಲ್ಲದೆ ಮೇಲೆ ದಂಡವೂ ಬಿದ್ದೀತು. ಭಾರತ ಅವನಿಗೂ ಒಂದು ಗುಣಕವಾಗಿದ್ದರೆ ಅದೂ ಹೋದಂತೆ. ನಮ್ಮ ತಪ್ಪಿಗೆ ಸಾವಿರಾರು ಮೈಲಿ ದೂರದ, ಮುಖ ಕಾಣದ ಒಬ್ಬನು ತೆರಬೇಕು.

ಕೊನೆಗೆ ದಾರಿ ಸಿಕ್ಕಿದ್ದು ದಾಖಲೆಯ ನಮೂನೆಯಲ್ಲಿಯೇ. ಪಂದ್ಯದ ದಾಖಲೆಗಳನ್ನು ಕಳುಹಿಸುವ ನಮೂನೆಯಲ್ಲಿ ಪ್ರತಿ ಸಂಪರ್ಕದ ಸಾಲೂ ‘ಕ್ಯೂಎಸ್‌ಓ’ ಎಂಬ ಮಾತಿನಿಂದ ಆರಂಭವಾಗುತ್ತದೆ. ಅದರ ಮುಂದೆ ‘ಎಕ್ಸ್’ ಎಂಬ ಅಕ್ಷರವನ್ನು ಸೇರಿಸಿದರೆ “ಈ ಸಂಪರ್ಕ ನಡೆದದ್ದು ನಿಜ, ನಮಗೆ ಇದರ ಅಂಕ ಬೇಡ” ಎಂದು ಅರ್ಥ. ಎದುರಿನವನ ಅಂಕಕ್ಕೆ ಚ್ಯುತಿಯಿಲ್ಲ. ಮೇಷ್ಟ್ರು 41 ಎಂಬುದನ್ನು 41 ಎಂದೇ ಬಿಟ್ಟು, ಮುಂದೆ ಆ ಅಕ್ಷರ ಸೇರಿಸಿ, ಷರಾ ಬರೆಯುವ ಸಾಲಿನಲ್ಲಿ ಗೋಡೆ ಗಡಿಯಾರದ ಕಥೆಯನ್ನು ಎರಡು ವಾಕ್ಯಗಳಲ್ಲಿ ಬರೆದರು. ಅಂಕ ಬಿಟ್ಟುಕೊಟ್ಟ ಮಾತ್ರಕ್ಕೆ ಕಟ್ಟಳೆ ಮುರಿಯದ ಹಾಗಾಯಿತೆ? ಮೂರನೆಯ ಬ್ಯಾಂಡಿನಲ್ಲಿ ನಾವು ಮಾತನಾಡಿದ್ದಂತೂ ದಿಟ. ಈ ಪ್ರಶ್ನೆಯಲ್ಲಿ ನನಗೂ ಮೇಷ್ಟ್ರಿಗೂ ಇವತ್ತಿಗೂ ಒಮ್ಮತವಿಲ್ಲ. ಲಾಭ ತೆಗೆದುಕೊಳ್ಳದವನಿಗೆ ದೋಷವಿಲ್ಲವೆಂದು ನನ್ನ ವಾದ. ಅದನ್ನು ತೀರ್ಮಾನಿಸಬೇಕಾದವರು ತೀರ್ಪುಗಾರರು, ನಾವಲ್ಲ ಎಂದು ಅವರ ವಾದ. ಅದಕ್ಕೇ ಷರಾ ಬರೆದದ್ದು. ಫಲಿತಾಂಶ ಬಂದಾಗ ನಮ್ಮ ತಂಡದ ಹೆಸರು ನಮ್ಮ ವರ್ಗದಲ್ಲಿಯೇ ಇತ್ತು, ಸಾಧಾರಣವಾದ ಒಂದು ಸ್ಥಾನದಲ್ಲಿ.

ಹುಡುಗ ಮಾತ್ರ ಒಂದು ತಿಂಗಳು ನಮ್ಮ ಫೋನಿಗೆ ಸರಿಯಾಗಿ ಉತ್ತರ ಕೊಡಲಿಲ್ಲ.

ಆಮೇಲೆ ಒಂದು ದಿನ ಮಂಗೋಲಿಯಾದಿಂದ ಕಾರ್ಡು ಬಂತು. ಮಾತನಾಡಿದ್ದಕ್ಕೆ ಗುರುತಾಗಿ ಹವ್ಯಾಸಿಗಳು ಒಬ್ಬರಿಗೊಬ್ಬರು ಚಿತ್ರದ ಕಾರ್ಡು ಕಳುಹಿಸುವುದು ಹಳೆಯ ವಾಡಿಕೆ. ಹುಲ್ಲುಗಾವಲು, ಬಿಳಿಯ ಗುಡಾರ, ಎರಡು ಕುದುರೆ. ಹಿಂಬದಿಯಲ್ಲಿ ದಿನಾಂಕ, ಬ್ಯಾಂಡು, ಕಾಲ. ಕಾಲದ ಜಾಗದಲ್ಲಿ 09-42 ಎಂದು ಸ್ಪಷ್ಟವಾಗಿ ಬರೆದಿತ್ತು.

ಹುಡುಗ ಅದನ್ನು ಹಿಡಿದುಕೊಂಡು ನೇರವಾಗಿ ಮೇಷ್ಟ್ರ ಮನೆಗೆ ಹೋದ, ನಾನೂ ಜೊತೆಯಲ್ಲಿದ್ದೆ. “ನೋಡಿ ಸಾರ್, ಈಗೇನು ಹೇಳ್ತೀರಿ?” ಮೇಷ್ಟ್ರು ಕನ್ನಡಕ ತೆಗೆದು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಕುದುರೆ ಚೆನ್ನಾಗಿವೆ” ಎಂದರು. ಆಮೇಲೆ, “ಅವರ ಗಡಿಯಾರ ಅವರದು. ನಮ್ಮದು ಸರಿಮಾಡೋದು ಯಾವಾಗ?” ಎಂದು ಒಳಗೆ ಕಾಫಿಗೆ ಹೇಳಿದರು.

ಮುಂದಿನ ಅಕ್ಟೋಬರಿಗೆ ಒಂದು ವಾರ ಮೊದಲೇ ಹುಡುಗ ತೋಟದ ಮನೆಗೆ ಹೋಗಿ ಗೋಡೆಯ ಹಳೆಯ ಗಡಿಯಾರವನ್ನು ಇಳಿಸಿ, ಉಪಗ್ರಹದಿಂದ ಕಾಲ ಪಡೆಯುವ ಹೊಸದೊಂದನ್ನು ಜಾಗತಿಕ ಕಾಲಮಾನಕ್ಕೆ ಹೊಂದಿಸಿ ತೂಗುಹಾಕಿ ಬಂದ. ಮಾರನೆಯ ದಿನ ತೋಟ ನೋಡಿಕೊಳ್ಳುವ ಮುದುಕಪ್ಪನಿಂದ ನನಗೆ ಫೋನು ಬಂತು. ಬಿಸಿಲು ನೆತ್ತಿಗೆ ಬಂದಿದೆ, ಮಧ್ಯಾಹ್ನದ ಊಟದ ಹೊತ್ತು, ಹೊಸ ಗಡಿಯಾರ ಆರೂವರೆ ತೋರಿಸುತ್ತಿದೆ. ಹುಡುಗ ಏನೋ ಕೆಡಿಸಿಟ್ಟು ಹೋಗಿದ್ದಾನೆ, ಬುದ್ಧಿ, ಬೇಗ ಯಾರನ್ನಾದರೂ ಕಳುಹಿಸಿ ಎಂದು.